ನೋವು ಬರುವ ಮುನ್ನ ನೋಡಬೇಕಾದ ಕಾಲು

ಒಳಗೊಳಗೇ ಬೆಳೆಯುವ ಕಾಯಿಲೆ ಎಂದರೆ ಏನೆಂದು ಕೋಲಾರ ಚಿನ್ನದ ಗಣಿ ಸೀಮೆಯಾದ ಕೆಜಿಎಫ್ ಜನರಿಗೆ ಯಾರೂ ಹೊಸದಾಗಿ ವಿವರಿಸಬೇಕಿಲ್ಲ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ನಿಂತುಬಿಡುತ್ತದೆ. ಎಷ್ಟೋ ವರ್ಷ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಲೈನ್ ಮನೆಯ ಬಾಗಿಲಿನಿಂದ ಬೀದಿ ನಲ್ಲಿಯವರೆಗೆ ನಡೆಯುವಷ್ಟು ಉಸಿರೂ ಉಳಿದಿರುವುದಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್ ಎಂಬ ಈ ಕಾಯಿಲೆಗೆ ನಿಯಮಗಳನ್ನು ತಂದಿತು. ಆ ದಶಕದಲ್ಲಿ ಗಣಿ ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ ಎದೆಯ ಎಕ್ಸ್‌ರೇ ತೆಗೆಯಲಾಯಿತು. 1947ರಲ್ಲಿ ವರದಿ ಹೊರಬಂದಾಗ, ಪರೀಕ್ಷೆಗೆ ಒಳಗಾದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಸಿಲಿಕೋಸಿಸ್‌ನ ಗುರುತು ಕಂಡಿತ್ತು. ಹಾಗೆ ಗುರುತು ಕಂಡವರು ಹಾಸಿಗೆ ಹಿಡಿದವರಲ್ಲ, ಶಾಫ್ಟಿಗೆ ಇಳಿದು ಕೆಲಸ ಮಾಡುತ್ತಿದ್ದವರು.

ರೋಗಿಗೆ ಏನೂ ಅನ್ನಿಸದ ಕಾಲದಲ್ಲೇ ರೋಗವನ್ನು ಹುಡುಕಬೇಕು ಎಂಬ ತಿಳಿವಳಿಕೆ ಹೀಗೆ ಈ ಸೀಮೆಗೆ ಬಂತು. ಅದು ಬಂದದ್ದು ತುಂಬಾ ತಡವಾಗಿ, ತುಂಬಾ ಜನ ಉಸಿರು ಕಳೆದುಕೊಂಡ ಮೇಲೆ. ಆದರೂ ಬಂತು. ಈ ಉಪನ್ಯಾಸ ಅದೇ ತಿಳಿವಳಿಕೆಯನ್ನು ಇನ್ನೊಂದು ಕಾಯಿಲೆಗೆ ಅನ್ವಯಿಸುವ ಪ್ರಯತ್ನ. ಮಧುಮೇಹ ಇರುವವರ ರಕ್ತನಾಳಗಳಿಗೆ, ಅದರಲ್ಲೂ ಕಾಲಿನ ರಕ್ತನಾಳಗಳಿಗೆ ಏನಾಗುತ್ತದೆ, ಅದನ್ನು ಎಷ್ಟು ಮುಂಚೆ ಕಂಡುಹಿಡಿಯಬಹುದು, ಕಂಡುಹಿಡಿದರೆ ಏನು ಮಾಡಬಹುದು ಎಂಬುದು ಇದರ ವಿಷಯ.

ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ದೂಳು ನಿಂತಿತು. ಅದರ ಜೊತೆಗೆ ಚಾಂಪಿಯನ್ ರೀಫ್ಸ್‌ನಲ್ಲಿದ್ದ ಗಣಿ ಆಸ್ಪತ್ರೆಯ ಆಸರೆಯೂ ತಪ್ಪಿತು. ಮೂರು ಕಿಲೋಮೀಟರಿಗೂ ಆಳದ ಸೆಕೆಯಲ್ಲಿ ಬೆವರು ಹರಿಸಿ ದುಡಿಯುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ಈಗ ಮಾರಿಕುಪ್ಪಂ, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲೇ ರೈಲು ಹತ್ತಿ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಹೋಗುತ್ತಾರೆ. ದಿನವಿಡೀ ಕುಳಿತೋ ನಿಂತೋ ಕೆಲಸ ಮಾಡಿ, ರಾತ್ರಿ ಮನೆ ಸೇರಿ ತಡವಾಗಿ ಊಟ ಮಾಡುತ್ತಾರೆ. ಇಂಥ ಬದುಕಿನಲ್ಲಿ ತಳವೂರುವ ಕಾಯಿಲೆ ಯಾವುದೆಂದು ರಾಬರ್ಟ್‌ಸನ್‌ಪೇಟೆಯ ಯಾವ ಔಷಧಿ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ: ಶುಗರ್, ಬಿಪಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ 10 ಲಕ್ಷ. ಮಧುಮೇಹದ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ. ಅದೇ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡ ಇದೆ. ಈ ಎರಡೂ ಒಬ್ಬರಲ್ಲೇ ಸೇರಿಕೊಳ್ಳುವುದು ತೀರ ಸಾಮಾನ್ಯ.

ಮಧುಮೇಹ ಬಂದವರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ ಒಂದೇ: "ನಿಮ್ದು ಎಷ್ಟಿದೆ?" ಊಟಕ್ಕೆ ಮುಂಚೆ ಇಷ್ಟು, ಊಟ ಆದ ಮೇಲೆ ಇಷ್ಟು. ಆ ಅಂಕಿ ಮುಖ್ಯವೇ. ಆದರೆ ಮಧುಮೇಹಿಗಳನ್ನು ಕೊನೆಗೆ ಕಾಡುವ ತೊಂದರೆಗಳ ಪಟ್ಟಿ ನೋಡಿದರೆ ಹೃದಯಾಘಾತ, ಲಕ್ವ, ಮೂತ್ರಪಿಂಡದ ಸೋಲು, ಕುರುಡು, ಕೊಳೆತ ಕಾಲು ಎಲ್ಲವೂ ರಕ್ತನಾಳದ ತೊಂದರೆಗಳೇ. ಸಕ್ಕರೆ ರಕ್ತದಲ್ಲಿದ್ದರೂ ಪೆಟ್ಟು ಬೀಳುವುದು ಆ ರಕ್ತವನ್ನು ಹೊತ್ತು ಸಾಗುವ ನಾಳಗಳಿಗೆ. ಆದ್ದರಿಂದ "ಎಷ್ಟಿದೆ" ಎಂಬ ಪ್ರಶ್ನೆಯ ಪಕ್ಕದಲ್ಲಿ "ಕಾಲಿನ ನಾಡಿ ನೋಡಿಸಿದಿರಾ, ಕಣ್ಣಿನ ಹಿಂಭಾಗ ನೋಡಿಸಿದಿರಾ, ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿದಿರಾ" ಎಂಬ ಪ್ರಶ್ನೆಗಳೂ ನಮ್ಮ ಜನರ ಬಾಯಿಗೆ ಬರಬೇಕು.

ರಕ್ತನಾಳದ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹೊದಿಕೆ ಇದೆ. ಅದನ್ನು ಎಂಡೋಥೀಲಿಯಂ ಎನ್ನುತ್ತಾರೆ. ಬಹುಕಾಲ ಅದನ್ನು ಸುಮ್ಮನೆ ಒಳ ಅಸ್ತರಿ ಎಂದು ಭಾವಿಸಲಾಗಿತ್ತು. 1980ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ತಮ್ಮ ಸಹೋದ್ಯೋಗಿಯೊಂದಿಗೆ ಮೊಲದ ರಕ್ತನಾಳದ ತುಂಡುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಬೇರೆಯೇ. ಈ ಒಳಪದರ ಉಜ್ಜಿಹೋದರೆ ರಕ್ತನಾಳ ಹಿಗ್ಗುವುದನ್ನೇ ಮರೆಯುತ್ತದೆ. ಆ ಪದರದಿಂದ ಹೊರಟು ನಾಳವನ್ನು ಸಡಿಲಗೊಳಿಸುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಮುಂದೆ ಖಚಿತವಾಯಿತು. ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿದ್ ಮುರಾದ್ ಈ ಮೂವರಿಗೆ 1998ರ ನೊಬೆಲ್ ಪ್ರಶಸ್ತಿ ಸಂದಿತು.

ಸಕ್ಕರೆ ಹೆಚ್ಚಾದಾಗ ದೇಹದ ಅನೇಕ ಜೀವಕೋಶಗಳು ತಮ್ಮ ಬಾಗಿಲನ್ನು ಬಿಗಿ ಮಾಡಿಕೊಂಡು ಒಳಗೆ ಬರುವ ಗ್ಲೂಕೋಸನ್ನು ಮಿತಿಯಲ್ಲಿಡುತ್ತವೆ. ಎಂಡೋಥೀಲಿಯಂಗೆ ಆ ಶಕ್ತಿ ಕಡಿಮೆ. ರಕ್ತದಲ್ಲಿ ಎಷ್ಟಿದೆಯೋ ಅಷ್ಟೂ ಒಳನುಗ್ಗುತ್ತದೆ. ಒಳಗೆ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ, ನೈಟ್ರಿಕ್ ಆಕ್ಸೈಡ್ ಕುಸಿಯುತ್ತದೆ, ಗೋಡೆಯ ಪ್ರೋಟೀನುಗಳಿಗೆ ಗ್ಲೂಕೋಸ್ ಅಂಟಿಕೊಂಡು ಅವು ಪೆಡಸಾಗುತ್ತವೆ. ನಾಳ ಬಿಗಿಯುತ್ತದೆ, ಒಳಮೈ ತರಿಯಾಗುತ್ತದೆ, ರಕ್ತ ಹೆಪ್ಪುಗಟ್ಟಲು ಜಾಗ ಸಿಗುತ್ತದೆ. ಇದು ಒಂದು ದಿನದಲ್ಲಿ ಆಗುವುದಲ್ಲ. ಎರಡನೇ ವಿಧದ ಮಧುಮೇಹದಲ್ಲಿ ರೋಗ ಪತ್ತೆಯಾಗುವ ಮೊದಲೇ ಇದು ಹಲವು ವರ್ಷ ನಡೆದಿರುತ್ತದೆ. ಹಾಗಾಗಿಯೇ ಮೊದಲ ದಿನವೇ ಕಣ್ಣಿನ ಪರದೆಯಲ್ಲಿ ಹಾನಿ ಕಾಣುವ ರೋಗಿಗಳಿದ್ದಾರೆ.

ಅತಿ ಸಣ್ಣ ನಾಳಗಳು ಕಣ್ಣಿನ ಅಕ್ಷಿಪಟಲದಲ್ಲಿವೆ, ಮೂತ್ರಪಿಂಡದ ಸೋಸುಗಳಲ್ಲಿವೆ, ನರಗಳಿಗೆ ಆಹಾರ ಒಯ್ಯುವ ದಾರಿಗಳಲ್ಲಿವೆ. ಕಣ್ಣಿನಲ್ಲಿ ಅವು ಸೋರುತ್ತವೆ, ಮೂತ್ರಪಿಂಡದಲ್ಲಿ ಆಲ್ಬುಮಿನ್ ಜಾರಿಹೋಗಲು ಬಿಡುತ್ತವೆ, ಪಾದದ ನರಗಳನ್ನು ಹಸಿವಿನಲ್ಲಿಡುತ್ತವೆ. ಮೂರೂ ಕಡೆ ಆರಂಭದ ಹಂತಕ್ಕೆ ನೋವಿಲ್ಲ.

ದೊಡ್ಡ ನಾಳಗಳ ಕಥೆ ಬೇರೆ. ಅಲ್ಲಿ ಕೊಬ್ಬಿನ ಗಡ್ಡೆಗಳು ಕಟ್ಟುತ್ತವೆ. ಮಧುಮೇಹ ಇಲ್ಲದ ಬೀಡಿ ಸೇದುವವರಲ್ಲಿ ಇವು ಹೆಚ್ಚಾಗಿ ತೊಡೆಯ ಮೇಲ್ಭಾಗದಲ್ಲಿ, ಹೊಟ್ಟೆಯೊಳಗಿನ ನಾಳಗಳಲ್ಲಿ ಕಂಡರೆ, ಮಧುಮೇಹಿಗಳಲ್ಲಿ ಮಂಡಿಯ ಕೆಳಗಿನ ಮೂರು ಸಪೂರ ನಾಳಗಳಿಗೆ ಹೆಚ್ಚು ಏಟು ಬೀಳುತ್ತದೆ. ಜೊತೆಗೆ ಗೋಡೆಯ ನಡುಪದರಕ್ಕೆ ಸುಣ್ಣ ಸೇರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಕಾಯಿಸಿ ಕಾಯಿಸಿ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವನ್ನು ಬಂಗಾರಪೇಟೆಯವರೆಲ್ಲ ಕಂಡಿದ್ದಾರೆ. ಎಕ್ಸ್‌ರೇಯಲ್ಲಿ ಇಂಥ ಕಾಲು ನೋಡಿದರೆ ರಕ್ತನಾಳಗಳು ಹಾಗೆಯೇ ಬೆಳ್ಳಗೆ ಎದ್ದು ಕಾಣುತ್ತವೆ. ಇದರಿಂದ ಪರೀಕ್ಷೆಯೂ ದಾರಿ ತಪ್ಪುತ್ತದೆ. ಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದರೆ ಸಿಗುವ ಅಂಕಿ 0.9ಕ್ಕಿಂತ ಕಡಿಮೆ ಇದ್ದರೆ ಕಾಲಿನ ನಾಳ ಕಿರಿದಾಗಿದೆ ಎಂದರ್ಥ. ಸುಣ್ಣಗಟ್ಟಿದ ನಾಳವನ್ನು ಪಟ್ಟಿಯಿಂದ ಒತ್ತಿ ಮುಚ್ಚಲು ಆಗುವುದಿಲ್ಲವಾದ್ದರಿಂದ ಅಂಕಿ ಸುಳ್ಳಾಗಿ ಏರುತ್ತದೆ. 1.4 ದಾಟಿದರೆ ಅದನ್ನು ಒಳ್ಳೆಯ ಸುದ್ದಿ ಎಂದು ತಿಳಿಯಬಾರದು. ಹೆಬ್ಬೆರಳಿನ ಒತ್ತಡ ಅಳೆಯಬೇಕು, ಡಾಪ್ಲರ್ ಎಂಬ ಉಪಕರಣದಲ್ಲಿ ರಕ್ತ ಹರಿಯುವ ಸದ್ದು ಕೇಳಬೇಕು.

ಸಾಮಾನ್ಯವಾಗಿ ಕಾಲಿನ ನಾಳ ಕಿರಿದಾದವರಿಗೆ ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಸರಿಹೋಗುತ್ತದೆ. ಅದು ದೇಹ ಕೊಡುವ ಎಚ್ಚರಿಕೆ. ಮಧುಮೇಹಿಯ ನರಗಳೂ ಮಂಕಾಗಿದ್ದರೆ ಈ ಎಚ್ಚರಿಕೆ ತಲುಪುವುದೇ ಇಲ್ಲ. ಹೃದಯದ ವಿಷಯದಲ್ಲೂ ಹೀಗೆಯೇ. ಎದೆನೋವಿಲ್ಲದೆ ಬರೀ ಬೆವರು, ಸುಸ್ತು, ಉಬ್ಬಸವಾಗಿ ಹೃದಯಾಘಾತ ಬಂದು ಹೋಗುವುದು ಮಧುಮೇಹಿಗಳಲ್ಲಿ ಹೆಚ್ಚು. ಗ್ಯಾಸ್ ಎಂದು ಸೋಡಾ ಕುಡಿದು ಮಲಗಿದವರ ಕಥೆಗಳು ಪ್ರತಿ ಬೀದಿಯಲ್ಲೂ ಇವೆ.

ಇನ್ನು, "ಶುಗರ್ ಕಾಲು, ತೆಗೆಯಲೇಬೇಕು" ಎಂಬ ಮಾತು. ಇದನ್ನು ರೋಗಿಗಳ ಮನೆಯವರು ಮಾತ್ರವಲ್ಲ, ಕೆಲವೊಮ್ಮೆ ವೈದ್ಯರೂ ವಿಧಿಯೆಂಬಂತೆ ಹೇಳುತ್ತಾರೆ. ಈ ಮಾತಿಗೆ ಒಂದು ಇತಿಹಾಸವಿದೆ, ಅದನ್ನು ತಿಳಿದರೆ ಮಾತಿನ ಬಲ ಕಡಿಮೆಯಾಗುತ್ತದೆ. 1959ರಲ್ಲಿ ಅಮೆರಿಕದ ಒಂದು ತಂಡ ಮಧುಮೇಹಿಗಳಿಂದ ಕತ್ತರಿಸಿ ತೆಗೆದ ಕಾಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅವರ ಪಾದದ ತೀರ ಚಿಕ್ಕ ನಾಳಗಳೇ ಮುಚ್ಚಿಹೋಗಿರುತ್ತವೆ ಎಂದು ಬರೆಯಿತು. ಚಿಕ್ಕ ನಾಳಗಳೇ ಮುಚ್ಚಿದ್ದರೆ ಮೇಲಿನ ದೊಡ್ಡ ನಾಳ ಸರಿಪಡಿಸಿ ಪ್ರಯೋಜನವೇನು? ತರ್ಕ ಸರಳ, ಪರಿಣಾಮ ಘೋರ. ಇಪ್ಪತ್ತೈದು ವರ್ಷ ಕಾಲ ಜಗತ್ತಿನಾದ್ಯಂತ ಎಷ್ಟೋ ಮಧುಮೇಹಿಗಳ ಕಾಲನ್ನು ರಕ್ತ ಹರಿಸುವ ಪ್ರಯತ್ನವನ್ನೇ ಮಾಡದೆ ತೆಗೆಯಲಾಯಿತು. ನಡುವೆ ಬಂದ ಕೆಲವು ಅಧ್ಯಯನಗಳು ಈ ಸಿದ್ಧಾಂತವನ್ನು ಒಪ್ಪದಿದ್ದರೂ ಅದು ಪಠ್ಯಗಳಿಂದ ಕದಲಲಿಲ್ಲ.

1984ರಲ್ಲಿ ಬಾಸ್ಟನ್ ನಗರದ ಫ್ರಾಂಕ್ ಲೊಜರ್ಫೊ ಮತ್ತು ಜೇ ಕಾಫ್ಮನ್ ಎಂಬ ವೈದ್ಯರು ಒಂದು ಲೇಖನ ಬರೆದು ಈ ನಂಬಿಕೆಯನ್ನು ನೇರವಾಗಿ ಎದುರಿಸಿದರು. ಮಧುಮೇಹಿಗಳ ಪಾದದಲ್ಲಿ ಮುಚ್ಚಿಹೋದ ಚಿಕ್ಕ ನಾಳಗಳೆಂಬ ವಿಶೇಷ ಕಾಯಿಲೆ ಇಲ್ಲ. ಅಡಚಣೆ ಇರುವುದು ಮಂಡಿಯಿಂದ ಹರಡಿನವರೆಗಿನ ನಾಳಗಳಲ್ಲಿ. ಅದನ್ನು ದಾಟಿದ ಮೇಲೆ ಪಾದದ ನಾಳ ಅನೇಕ ವೇಳೆ ತೆರೆದೇ ಇರುತ್ತದೆ. ಅಂದರೆ ಅಡಚಣೆಯ ಮೇಲಿನಿಂದ ಪಾದದ ನಾಳಕ್ಕೆ ರೋಗಿಯದೇ ಅಭಿಧಮನಿಯೊಂದನ್ನು ಜೋಡಿಸಿ ರಕ್ತ ಹರಿಸಬಹುದು. ಅದೇ ನಗರದಲ್ಲಿ ಈ ಬಗೆಯ ಸಾವಿರಕ್ಕೂ ಹೆಚ್ಚು ಬೈಪಾಸ್‌ಗಳು ನಡೆದವು. 2003ರಲ್ಲಿ ಅವುಗಳ ಲೆಕ್ಕ ಪ್ರಕಟವಾದಾಗ, ಐದು ವರ್ಷದ ನಂತರವೂ ನೂರರಲ್ಲಿ 78ರಷ್ಟು ಕಾಲುಗಳು ಉಳಿದಿದ್ದವು. ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಮಧುಮೇಹಿಗಳು. ತೆಗೆಯಲೇಬೇಕು ಎಂದು ಹಿಂದಿನ ತಲೆಮಾರು ತೀರ್ಮಾನಿಸುತ್ತಿದ್ದಂಥ ಕಾಲುಗಳೇ ಅವು.

ಈಗ ತೊಡೆಯ ಸಂದಿಯಲ್ಲಿ ಸೂಜಿ ತೂರಿಸಿ ಬಲೂನಿನಿಂದ ನಾಳ ಹಿಗ್ಗಿಸುವ ಆಂಜಿಯೋಪ್ಲಾಸ್ಟಿಯೂ ಇದೆ. ಬೆಂಗಳೂರಿನಲ್ಲಿ ರಕ್ತನಾಳಗಳಿಗೆಂದೇ ಮೀಸಲಾದ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕುಲರ್ ಸೈನ್ಸಸ್ ಇದೆ, ಮಧುಮೇಹಕ್ಕೆ ಸರ್ಕಾರದ್ದೇ ಆದ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆ ಇದೆ. ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಪೂರ್ವದ ಕಡೆ ರೈಲು ಹತ್ತಿದರೆ ಕಾಟ್ಪಾಡಿ, ಅಲ್ಲಿಂದ ವೆಲ್ಲೂರಿನ ಆಸ್ಪತ್ರೆ. ಕಾಲು ತೆಗೆಯಬೇಕು ಎಂದು ಯಾರಾದರೂ ಹೇಳಿದಾಗ ಮನೆಯವರು ಕೇಳಬೇಕಾದ ಪ್ರಶ್ನೆ ಇಷ್ಟೇ: "ರಕ್ತ ಎಲ್ಲಿಯವರೆಗೆ ಬರುತ್ತಿದೆ ಎಂದು ನೋಡಿದ್ದೀರಾ ಸಾರ್?" ಡಾಪ್ಲರ್ ಅಥವಾ ಆಂಜಿಯೋಗ್ರಾಮ್ ಇಲ್ಲದೆ ಆ ತೀರ್ಮಾನ ಅಪೂರ್ಣ. ಕೀವು ತುಂಬಿ ಜ್ವರ ಏರಿ ಜೀವವೇ ಅಪಾಯದಲ್ಲಿದ್ದಾಗ ತಡಮಾಡಲಾಗದು, ಆಗ ವೈದ್ಯರ ಮಾತು ತಕ್ಷಣ ಕೇಳಬೇಕು. ಉಳಿದ ಸಂದರ್ಭಗಳಲ್ಲಿ ಎರಡನೆಯ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು.

ವೆಲ್ಲೂರಿನ ಹೆಸರು ಬಂದದ್ದರಿಂದ ಅಲ್ಲಿನ ಒಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಇಂದು ಜಗತ್ತಿನ ಯಾವ ಮೂಲೆಯಲ್ಲಿ ಮಧುಮೇಹಿಯ ಪಾದ ಪರೀಕ್ಷೆ ನಡೆದರೂ ಅದರಲ್ಲಿ ಈ ನೆರೆಯೂರಿನ ಪಾಲಿದೆ. ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಆಗ ಎಲ್ಲರೂ ನಂಬಿದ್ದರು. ಬ್ರಾಂಡ್ ಮತ್ತು ಅವರ ಜೊತೆಗಾರರು ಗಾಯಗಳನ್ನು ದಿನವೂ ಗಮನಿಸಿ ಕಂಡುಕೊಂಡದ್ದು, ಮಾಂಸ ಕೊಳೆಯುತ್ತಿಲ್ಲ, ನೋವು ತಿಳಿಯದೆ ರೋಗಿ ಅದೇ ಜಾಗಕ್ಕೆ ಮತ್ತೆ ಮತ್ತೆ ಏಟು ಮಾಡಿಕೊಳ್ಳುತ್ತಿದ್ದಾನೆ ಎಂಬುದನ್ನು. ಹುಣ್ಣಿನ ಮೇಲೆ ತೂಕ ಬೀಳದಂತೆ ನೋಡಿಕೊಂಡರೆ ಅದು ವಾಸಿಯಾಗುತ್ತದೆ. ಅದಕ್ಕಾಗಿ ಕಾಲಿನ ಆಕಾರಕ್ಕೇ ಕೂರುವ ಪ್ಲಾಸ್ಟರ್, ಒಳಗೆ ಮೆತ್ತಗಿನ ಮೈಕ್ರೋಸೆಲ್ಯುಲರ್ ರಬ್ಬರ್ ಹಾಕಿದ ಚಪ್ಪಲಿ ಬಳಕೆಗೆ ಬಂದವು. ಇಂದು ಎಂಸಿಆರ್ ಚಪ್ಪಲಿ ಎಂದು ಮಧುಮೇಹಿಗಳಿಗೆ ಬರೆದುಕೊಡುವುದು ಅದನ್ನೇ.

1966ರಲ್ಲಿ ಬ್ರಾಂಡ್ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಮಧುಮೇಹಿಗಳ ಪಾದದ ಹುಣ್ಣೂ ಕುಷ್ಠರೋಗಿಗಳ ಹುಣ್ಣಿನ ದಾರಿಯಲ್ಲೇ ನಡೆಯುತ್ತದೆ ಎಂಬುದನ್ನು ಅಲ್ಲಿ ಕಂಡು ವೆಲ್ಲೂರಿನ ಪಾಠಗಳನ್ನು ಅವರಿಗೂ ಅನ್ವಯಿಸಿದರು. 1986ರಲ್ಲಿ ಕಾರ್ವಿಲ್‌ನ ಇಬ್ಬರು ತಜ್ಞರು, ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯ ಸ್ಪರ್ಶ ಗೊತ್ತಾಗದ ಪಾದ ಅಪಾಯದಲ್ಲಿದೆ ಎಂದು ತೋರಿಸಿದರು. ಇಂದಿಗೂ ಮಧುಮೇಹ ಕ್ಲಿನಿಕ್ಕಿನಲ್ಲಿ ವೈದ್ಯರು ರೋಗಿಯ ಕಣ್ಣು ಮುಚ್ಚಿಸಿ ಅಂಗಾಲಿಗೆ ತಾಗಿಸುವುದು ಇದೇ ಎಳೆಯನ್ನು. ವಿದ್ಯುತ್ ಬೇಡ, ಪ್ರಯೋಗಾಲಯ ಬೇಡ. ಎರಡು ನಿಮಿಷದ ಕೆಲಸ.

ಮಧುಮೇಹಿಗಳಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಕಾಣಿಸಿಕೊಳ್ಳುವವರು ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಎಂದು ಅಧ್ಯಯನಗಳು ಹೇಳುತ್ತವೆ. ಕತ್ತರಿಸಬೇಕಾಗಿ ಬಂದ ಕಾಲುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಶುರುವಾದದ್ದು ಒಂದು ಹುಣ್ಣಿನಿಂದ. ಆ ಹುಣ್ಣು ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಕಾರಣಗಳು ಮನೆಯಂಗಳದಲ್ಲೇ ಇವೆ. ಹವಾಯಿ ಚಪ್ಪಲಿ, ಅದೂ ಹಿಂದೆ ಪಟ್ಟಿ ಇಲ್ಲದ್ದು. ಅದು ಜಾರಿ ಬಿದ್ದರೂ ಗೊತ್ತಾಗದೆ ನಾಲ್ಕು ಹೆಜ್ಜೆ ಬರಿಗಾಲಲ್ಲಿ ನಡೆದಿರುತ್ತಾರೆ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವುದು. ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಬಕೆಟ್. ಬೇಸಿಗೆಯ ಮಧ್ಯಾಹ್ನ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲ ಪ್ರದಕ್ಷಿಣೆ. ಹರಕೆ ಹೊತ್ತು ತಿರುಪತಿಗೆ ಕಾಲ್ನಡಿಗೆ. ಭಕ್ತಿಗೆ ಯಾರ ಅಡ್ಡಿಯೂ ಇಲ್ಲ. ಸ್ಪರ್ಶ ಕಳೆದ ಪಾದಕ್ಕೆ ದಪ್ಪ ಹತ್ತಿ ಕಾಲುಚೀಲ ತೊಡಲು, ಬೆಳಗಿನ ತಂಪಿನಲ್ಲಿ ಹೋಗಿ ಬರಲು ದೇವರೂ ಬೇಡವೆನ್ನುವುದಿಲ್ಲ. ಸಂಜೆ ಮನೆಗೆ ಬಂದ ಮೇಲೆ ಬೆರಳ ಸಂದಿ, ಹಿಮ್ಮಡಿ, ಅಂಗಾಲು ನೋಡಿಕೊಳ್ಳಬೇಕು. ಬಗ್ಗಿ ನೋಡಲಾಗದಿದ್ದರೆ ಸೊಸೆಯೋ ಮೊಮ್ಮಗನೋ ನೋಡಲಿ, ನೆಲದ ಮೇಲೆ ಕನ್ನಡಿ ಇಟ್ಟಾದರೂ ನೋಡಲಿ.

ಔಷಧದ ವಿಷಯಕ್ಕೆ ಬಂದರೆ, ಸಕ್ಕರೆ ಇಳಿಸಿದರೆ ರಕ್ತನಾಳ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಕೊಟ್ಟದ್ದು ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ. 1977ರಲ್ಲಿ ಆರಂಭವಾಗಿ, ಹೊಸದಾಗಿ ಮಧುಮೇಹ ಪತ್ತೆಯಾದ 5,102 ಮಂದಿಯನ್ನು ಸೇರಿಸಿಕೊಂಡು, 1998ರಲ್ಲಿ ಫಲಿತಾಂಶ ನೀಡಿತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಸಣ್ಣ ನಾಳಗಳ ತೊಂದರೆ ಕಾಲುಭಾಗ ಕಡಿಮೆಯಾಯಿತು. ಹೃದಯಾಘಾತ ಅಷ್ಟು ಸ್ಪಷ್ಟವಾಗಿ ಇಳಿಯಲಿಲ್ಲ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ರಕ್ತದೊತ್ತಡವನ್ನು ಸರಾಸರಿ 154/87ರ ಬದಲು 144/82ಕ್ಕೆ ಇಳಿಸಿದಾಗ ಲಕ್ವ ನೂರಕ್ಕೆ 44ರಷ್ಟು, ಮಧುಮೇಹ ಸಂಬಂಧಿ ಸಾವು ನೂರಕ್ಕೆ 32ರಷ್ಟು ಕಡಿಮೆಯಾಯಿತು. ಇಳಿದದ್ದು ಬರೀ ಹತ್ತು ಅಂಕ. ಬಿಪಿ ಮಾತ್ರೆಗಳು ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಧುಮೇಹಿಯ ಬಿಪಿ ನಿರ್ಲಕ್ಷಿಸುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನ ತೀರ ಚಿಕ್ಕದು, 160 ರೋಗಿಗಳು. ಅವರಲ್ಲಿ ಅರ್ಧದಷ್ಟು ಮಂದಿಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್, ಆಹಾರ, ನಡಿಗೆ, ಧೂಮಪಾನ ಎಲ್ಲವನ್ನೂ ಒಟ್ಟಿಗೇ ಹಿಡಿದು ಚಿಕಿತ್ಸೆ ಕೊಟ್ಟರು. ಎಂಟು ವರ್ಷದ ಕೊನೆಗೆ ಅವರಲ್ಲಿ ಹೃದಯ ಮತ್ತು ರಕ್ತನಾಳದ ಅನಾಹುತಗಳು ಇನ್ನೊಂದು ಗುಂಪಿನ ಅರ್ಧದಷ್ಟೇ ಇದ್ದವು. ಇಪ್ಪತ್ತೊಂದು ವರ್ಷದ ನಂತರ ಲೆಕ್ಕ ಹಾಕಿದಾಗ ಅವರ ಆಯುಸ್ಸು ಸುಮಾರು ಎಂಟು ವರ್ಷ ಹೆಚ್ಚಾಗಿತ್ತು. ಇದಕ್ಕೆ ವಿರುದ್ಧವಾಗಿ ಸಕ್ಕರೆಯನ್ನು ಅತಿಯಾಗಿ ಕೆಳಗಿಳಿಸಲು ಹೊರಟ ಅಮೆರಿಕದ ಅಕಾರ್ಡ್ ಅಧ್ಯಯನದಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ಎಪ್ಪತ್ತು ದಾಟಿದ ಅಜ್ಜನಿಗೆ ಇಪ್ಪತ್ತೈದರ ಹುಡುಗನ ಅಂಕಿ ಬೇಕೆಂದು ಹಟ ಹಿಡಿಯುವ ಮನೆಯವರು ಇದನ್ನು ಗಮನಿಸಬೇಕು.

ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡದೆ ಮೇಲಿನ ಯಾವುದೂ ಪೂರ್ತಿ ಫಲ ಕೊಡುವುದಿಲ್ಲ.

ಈಚಿನ ವರ್ಷಗಳಲ್ಲಿ ಬಂದ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಮಾತ್ರೆಗಳು ಹೃದಯ ಮತ್ತು ಮೂತ್ರಪಿಂಡವನ್ನು ಕಾಪಾಡುವಲ್ಲಿ ಗಟ್ಟಿ ಸಾಕ್ಷ್ಯ ಹೊಂದಿವೆ. 2015ರಲ್ಲಿ ಪ್ರಕಟವಾದ ಏಳು ಸಾವಿರ ರೋಗಿಗಳ ಅಧ್ಯಯನದಲ್ಲಿ ಎಂಪಾಗ್ಲಿಫ್ಲೋಜಿನ್ ಪಡೆದವರಲ್ಲಿ ಹೃದಯ ಸಂಬಂಧಿ ಸಾವು ನೂರಕ್ಕೆ 38ರಷ್ಟು ಕಡಿಮೆ ಇತ್ತು. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಭಾರತದಲ್ಲಿ ಮುಗಿದ ಮೇಲೆ ಬೆಲೆ ತುಂಬ ಇಳಿದಿದೆ. ಹಳೆಯ ಚೀಟಿಯನ್ನೇ ವರ್ಷಗಟ್ಟಲೆ ತೋರಿಸಿ ಮಾತ್ರೆ ಕೊಳ್ಳುವವರು ಒಮ್ಮೆ ವೈದ್ಯರ ಬಳಿ ಕುಳಿತು ಮಾತಾಡಲು ಇದೊಂದೇ ಕಾರಣ ಸಾಕು.

ಊಟದ ವಿಷಯದಲ್ಲಿ ಕೋಲಾರ ಸೀಮೆಗೆ ಒಂದು ಅನುಕೂಲವಿದೆ, ಒಂದು ತಪ್ಪು ನಂಬಿಕೆಯೂ ಇದೆ. ಅನುಕೂಲ ಎಂದರೆ ಸೊಪ್ಪು, ಬಸ್ಸಾರು, ಅವರೆ, ಹುರುಳಿ. ತಪ್ಪು ನಂಬಿಕೆ ಎಂದರೆ ಮುದ್ದೆ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂಬುದು. ರಾಗಿಯಲ್ಲಿ ನಾರು ಮತ್ತು ಸುಣ್ಣದಂಶ ಅಕ್ಕಿಗಿಂತ ಹೆಚ್ಚು, ನಿಜ. ಆದರೆ ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಗಣಿಯಲ್ಲಿ ಎಂಟು ಗಂಟೆ ದುಡಿದವನ ತಟ್ಟೆಯ ಮುದ್ದೆಯೇ ಕಂಪ್ಯೂಟರ್ ಮುಂದೆ ಕುಳಿತವನ ತಟ್ಟೆಗೂ ಬಿದ್ದರೆ ದೇಹ ಅದನ್ನು ಎಲ್ಲಿ ಇಡಬೇಕು? ಮುದ್ದೆ ಚಿಕ್ಕದಾಗಲಿ, ಸೊಪ್ಪು ದೊಡ್ಡದಾಗಲಿ. ಸಂಜೆ ಬಂಗಾರಪೇಟೆಯಲ್ಲಿ ಇಳಿದವರನ್ನು ಎದುರುಗೊಳ್ಳುವ ಇಲ್ಲಿನ ಹೆಸರಾಂತ ಪಾನಿಪುರಿ ತಿಂಗಳಿಗೊಮ್ಮೆಯ ಸಂತೋಷವಾಗಿದ್ದರೆ ಅಡ್ಡಿಯಿಲ್ಲ, ದಿನದ ಊಟವಾಗುವುದು ಬೇಡ.

ಹಸಿವಿನ ಇತಿಹಾಸವೂ ಇದರಲ್ಲಿ ಸೇರಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆಗಳು ಉಳಿದಿದ್ದವು. ದೊಡ್ಡವರಾದ ಆ ಮಕ್ಕಳನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಕಂಡಿತು. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಅದು ನೂರಕ್ಕೆ 3. ಅಂದರೆ ಬಸುರಿಯ ಊಟದ ಕೊರತೆ ಐವತ್ತು ವರ್ಷದ ನಂತರ ಮಗನ ಹೃದಯದಲ್ಲಿ ಕಾಣಿಸಿಕೊಳ್ಳಬಲ್ಲದು. ಶುಗರ್ ಬಂದವರನ್ನು "ತಿಂದು ತಿಂದು ತಂದುಕೊಂಡರು" ಎಂದು ಆಡಿಕೊಳ್ಳುವ ಮಾತು ಅನ್ಯಾಯದ್ದು. ಬಡತನವನ್ನು ಉಂಡು ಬೆಳೆದ ದೇಹಕ್ಕೆ ಸಾಧಾರಣ ಊಟವೂ ಭಾರವಾಗಬಹುದು.

ಮನೆಯಲ್ಲೇ ಕಲಿಯಬಹುದಾದ ಒಂದು ಪರೀಕ್ಷೆ ಇದೆ. ಹೆಬ್ಬೆರಳನ್ನು ಮೇಲೆತ್ತಿದಾಗ ಪಾದದ ಮೇಲೆ ಎದ್ದು ಕಾಣುವ ಸ್ನಾಯುರಜ್ಜುವಿನ ಹೊರಪಕ್ಕದಲ್ಲಿ ಎರಡು ಬೆರಳು ಮೆಲ್ಲಗೆ ಇಟ್ಟರೆ ನಾಡಿ ಮಿಡಿಯುತ್ತದೆ. ಒಳಹರಡಿನ ಹಿಂದೆ ಇನ್ನೊಂದು. ಕೆಲವರಿಗೆ ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಕೈಗೆ ಸಿಗುವುದಿಲ್ಲ. ಎರಡೂ ಸಿಗದಿದ್ದರೆ ವೈದ್ಯರಿಗೆ ತೋರಿಸಬೇಕು. ಪಾದ ತಣ್ಣಗಿರುವುದು, ಮೊಣಕಾಲ ಕೆಳಗಿನ ಕೂದಲು ಉದುರಿ ಚರ್ಮ ಹೊಳೆಯುವುದು, ರಾತ್ರಿ ಮಲಗಿದಾಗ ಬರುವ ಪಾದದ ನೋವು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟಾಗ ಕಡಿಮೆಯಾಗುವುದು, ಇವು ರಕ್ತ ಸಾಲುತ್ತಿಲ್ಲ ಎಂಬುದರ ಗುರುತುಗಳು. ಬೆರಳು ಕಪ್ಪಾದರೆ, ಪಾದ ಕೆಂಪಗೆ ಊದಿ ವಾಸನೆ ಬಂದರೆ ಅದು ಆ ದಿನವೇ ಆಸ್ಪತ್ರೆಗೆ ಹೋಗಬೇಕಾದ ಸಂಗತಿ, ಅರಿಶಿನ ಹಚ್ಚಿ ವಾರ ಕಾಯುವಂಥದ್ದಲ್ಲ. ಹುಣ್ಣು ಇಲ್ಲದೆ ಬರೀ ಮೀನಖಂಡದ ನೋವು ಇರುವವರಿಗೆ ನಡಿಗೆಯೇ ಔಷಧ: ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆದು, ಹೀಗೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನ. ಮೂರು ತಿಂಗಳಲ್ಲಿ ನಡೆಯುವ ದೂರ ಹೆಚ್ಚುತ್ತದೆ.

ಸರ್ಕಾರದ ಕಡೆಯಿಂದ ಕೋಲಾರ ಜಿಲ್ಲೆ ಅಲಕ್ಷ್ಯಕ್ಕೆ ಒಳಗಾಗಿದೆ ಎನ್ನುವಂತಿಲ್ಲ. ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಲಕ್ವಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾದಾಗ ಕರ್ನಾಟಕದಿಂದ ಆರಿಸಿದ ಮೊದಲ ಹಂತದ ಜಿಲ್ಲೆಗಳಲ್ಲಿ ಕೋಲಾರವೂ ಇತ್ತು. ಮೂವತ್ತು ದಾಟಿದವರನ್ನು ಮನೆಬಾಗಿಲಿಗೇ ಹೋಗಿ ತಪಾಸಣೆ ಮಾಡುವ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಆರಂಭವಾದದ್ದೇ ಕೋಲಾರದಲ್ಲಿ. ಬಿಪಿ, ಶುಗರ್ ಜೊತೆಗೆ ಮಧುಮೇಹಿಗಳ ಪಾದ ಮತ್ತು ಕಣ್ಣೂ ಅದರ ವ್ಯಾಪ್ತಿಯಲ್ಲಿವೆ. ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ.

ಆದರೂ ಬೆರಳಿನ ತುದಿಯಿಂದ ರಕ್ತ ತೆಗೆದು ಅಂಕಿ ಬರೆದುಕೊಂಡಲ್ಲಿಗೆ ತಪಾಸಣೆ ನಿಂತುಬಿಡುವ ಅಪಾಯ ಇದ್ದೇ ಇದೆ. ಚಪ್ಪಲಿ ಬಿಚ್ಚಿಸಿ ಪಾದ ಮುಟ್ಟುವುದಕ್ಕೆ ಸಮಯ ಬೇಕು, ಸಂಕೋಚ ಬಿಡಬೇಕು. ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಹತ್ತು ಗ್ರಾಂ ನೈಲಾನ್ ಎಳೆ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೈಯಲ್ಲಿ ಹಿಡಿಯುವ ಡಾಪ್ಲರ್ ಇರುವುದು ಯಾವ ಬಜೆಟ್ಟಿಗೂ ಹೊರೆಯಲ್ಲ. ಗಣಿ ಕಾರ್ಮಿಕರ ಎದೆಗೆ ಎಕ್ಸ್‌ರೇ ಹೇಗೆ ಕಡ್ಡಾಯವೆನಿಸಿತೋ ಹಾಗೆ ಮಧುಮೇಹಿಗೆ ವರ್ಷಕ್ಕೊಮ್ಮೆ ಪಾದ, ಕಣ್ಣು, ಮೂತ್ರ ಈ ಮೂರು ಪರೀಕ್ಷೆ ಆಗಲೇಬೇಕು. ಆಗಿದ್ದು ಚೀಟಿಯಲ್ಲಿ ದಾಖಲಾಗಬೇಕು.

ಮುಖ್ಯ ತೊಡಕು ವೇಳೆಯದು. ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೆ ಮಾರಿಕುಪ್ಪಂನಿಂದ ಹೊರಟವರು ಬೆಂಗಳೂರು ಮುಟ್ಟಿರುತ್ತಾರೆ. ಅವರು ಮರಳುವ ಹೊತ್ತಿಗೆ ಅದು ಮುಚ್ಚಿರುತ್ತದೆ. ಮನೆಬಾಗಿಲಿಗೆ ಬರುವ ಆರೋಗ್ಯ ಸಿಬ್ಬಂದಿಗೂ ಮನೆಯಲ್ಲಿ ಸಿಗುವುದು ಹಿರಿಯರು ಮತ್ತು ಮಕ್ಕಳು. ಮೂವತ್ತರಿಂದ ಐವತ್ತೈದರ ನಡುವಿನ, ದುಡಿಯುವ, ಕಾಯಿಲೆ ಈಗಷ್ಟೇ ಬೇರು ಬಿಡುತ್ತಿರುವ ದೇಹಗಳು ತಪಾಸಣೆಯ ಕೈಗೆ ಸಿಗುವುದೇ ಇಲ್ಲ. ಹಾಗಾಗಿ ರಾಬರ್ಟ್‌ಸನ್‌ಪೇಟೆ ಮತ್ತು ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಭಾನುವಾರ ಬೆಳಿಗ್ಗೆ ಮೂರು ಗಂಟೆ ಕಾಲ ಪಾದ ತಪಾಸಣೆ ಇಡಬಹುದು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ತಿಂಗಳಿಗೊಂದು ಸಂಜೆ, ಕಡೆಯ ರೈಲು ಬರುವವರೆಗೆ, ಒಬ್ಬ ನರ್ಸ್, ಒಂದು ಬಿಪಿ ಯಂತ್ರ, ಒಂದು ಡಾಪ್ಲರ್, ನಾಲ್ಕು ಕುರ್ಚಿ ಹಾಕಬಹುದು. ಜಿಲ್ಲಾ ಆರೋಗ್ಯ ಇಲಾಖೆ, ರೈಲ್ವೆ, ನಗರಸಭೆ, ಪುರಸಭೆಗಳು ಇದನ್ನು ಒಂದು ಸಭೆಯಲ್ಲಿ ಕುಳಿತು ತೀರ್ಮಾನಿಸಬಹುದು. ಸೀಸನ್ ಪಾಸ್ ಹಿಡಿದ ಪ್ರಯಾಣಿಕರ ಸಂಘಗಳು ಆ ಬೇಡಿಕೆಯನ್ನು ಬರೆದು ಕೊಡಬಹುದು.